ರೋಗಿಯ ಮಂಚದಿಂದ ಕಂಡದ್ದು

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯವರು ಜ್ವರಪೀಡಿತರಾಗಿ ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಒಂಬತ್ತು ದಿವಸ ಮಲಗಬೇಕಾಯಿತು. ಡಾಕ್ಟರುಗಳು ಸಮರ್ಥರು, ನರ್ಸುಗಳು ಸಹನೆಯುಳ್ಳವರು. ಔಷಧವು ಫಲಿಸಿ ಆರನೆಯ ದಿವಸ ಜ್ವರವು ಇಳಿಯಿತು. ಏಳನೆಯ ದಿವಸದ ರಾತ್ರಿ ಅವರು ಒಬ್ಬರೇ ಎದ್ದು, ವಾರ್ಡಿನ ಕೊನೆಯಲ್ಲಿದ್ದ ಶೌಚಗೃಹಕ್ಕೆ ನಡೆದುಹೋಗಿ, ಅದರ ಹೊಸ್ತಿಲಿನ ಒದ್ದೆಯಲ್ಲಿ ಕಾಲು ಜಾರಿ ಬಿದ್ದರು. ಎಡಗೈಯ ಮಣಿಕಟ್ಟಿನ ಮೂಳೆ ಮುರಿಯಿತು. ಜ್ವರಕ್ಕೆಂದು ಹೋದವರು ಜ್ವರವನ್ನು ಅಲ್ಲಿ ಬಿಟ್ಟು, ಮುರಿದ ಕೈಯನ್ನು ಕಟ್ಟಿಸಿಕೊಂಡು ಮನೆಗೆ ಬಂದರು.

“ಏಕೆ ಕರೆಯಲಿಲ್ಲ?” ಎಂದು ಕೇಳಿದೆವು.

“ನೀವು ಹೊರಗೆ ವರಾಂಡದಲ್ಲಿ ಮಲಗಿದ್ದಿರಿ. ನಾನು ಕೂಗಿದ್ದರೆ ವಾರ್ಡಿಗೆಲ್ಲ ಎಚ್ಚರವಾಗುತ್ತಿತ್ತಲ್ಲ” ಎಂದರು.

ಈ ಉತ್ತರಕ್ಕೆ ನಮ್ಮಲ್ಲಿ ಪ್ರತ್ಯುತ್ತರವಿರಲಿಲ್ಲ. ಮರುದಿನ ಬೆಳಗ್ಗೆ, ಹಳೆಯ ಉಪಾಧ್ಯಾಯರ ಅಭ್ಯಾಸಬಲದಿಂದ, ಮಂಚದಿಂದ ಆ ಹೊಸ್ತಿಲಿನವರೆಗೆ ಹೆಜ್ಜೆಗಳನ್ನು ಎಣಿಸಿದೆವು. ನಲವತ್ತೊಂದು ಆಯಿತು. ಉದ್ದಕ್ಕೂ ಗೋಡೆಗೆ ಒಂದು ಹಿಡಿಗಂಬಿಯಿಲ್ಲ. ದೀಪವಿದ್ದದ್ದು ಒಂದು ಮಾತ್ರ. ಕಟ್ಟಡದ ನಕ್ಷೆಯನ್ನು ಬರೆಯುವಾಗ ಈ ಹೆಜ್ಜೆಗಳನ್ನು ಯಾರೂ ಎಣಿಸಿರಲಾರರು. ಕಟ್ಟಿ ಮುಗಿಸಿದ ಮೇಲೆ ಬಂದು ಎಣಿಸಿದವರೂ ಇರಲಾರರು. ಹೊಸದೊಂದು ಔಷಧವು ಬಂದರೆ, ಅದನ್ನು ಪರೀಕ್ಷಿಸದೆ ರೋಗಿಯ ಬಾಯಿಗೆ ಹಾಕಕೂಡದೆಂಬ ನಿಯಮವುಂಟು. ಅದೇ ರೋಗಿಯು ಹಗಲಿರುಳೂ ಮಲಗತಕ್ಕ ಕೋಣೆಗೆ ಅಂಥ ಪರೀಕ್ಷೆ ಬೇಡವೆ? ಈ ತಿಂಗಳು ವಾಚಕರ ಮುಂದೆ ನಾವು ಇಡುವ ಪ್ರಶ್ನೆ ಇದು.

ವಿಚಾರವೇನೂ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಉಪಕಲ್ಪನೀಯವೆಂಬ ಹದಿನೈದನೆಯ ಅಧ್ಯಾಯವುಂಟು. ಚಿಕಿತ್ಸೆಗೆ ತೊಡಗುವ ಮೊದಲು ವೈದ್ಯನು ಏನೇನನ್ನು ಸಿದ್ಧಪಡಿಸಿಕೊಳ್ಳಬೇಕೆಂಬುದನ್ನು ಅಲ್ಲಿ ಹೇಳಿದೆ. ಔಷಧಗಳ ಪಟ್ಟಿಗಿಂತ ಮೊದಲು ಬರುವುದು ಮನೆ. ಅದು ಗಟ್ಟಿಯಾಗಿರಬೇಕು, ಬಿರುಗಾಳಿ ಹೊಡೆಯಬಾರದು, ಆದರೆ ಒಂದು ಕಡೆಯಿಂದ ಗಾಳಿ ಆಡುತ್ತಿರಬೇಕು, ಒಳಗೆ ಸುಖವಾಗಿ ಓಡಾಡುವಂತಿರಬೇಕು, ಹೊಗೆ, ಬಿಸಿಲು, ನೀರು, ಧೂಳುಗಳು ನುಗ್ಗಬಾರದು, ಅಹಿತವಾದ ಸದ್ದೂ ವಾಸನೆಯೂ ಮುಟ್ಟಬಾರದು, ಕುಡಿಯುವ ನೀರು, ಶೌಚಸ್ಥಾನ, ಸ್ನಾನದ ನೆಲ, ಅಡಿಗೆಯ ಮನೆ ಇವೆಲ್ಲ ಅಲ್ಲಿಯೇ ಇರಬೇಕು. ರೋಗಿಯನ್ನು ಎಬ್ಬಿಸುವುದರಲ್ಲಿಯೂ ಮಲಗಿಸುವುದರಲ್ಲಿಯೂ ನುರಿತ ಪರಿಚಾರಕರು ಬೇಕು. ಹಾಡುವವರೂ ಕಥೆ ಹೇಳುವವರೂ ಬೇಕು. ನಾವು ಇದನ್ನು ಬಾಲ್ಯದಲ್ಲಿ ವ್ಯಾಕರಣದ ಕಣ್ಣಿನಿಂದ ಓದಿದ್ದೆವು. ಸಮಾಸಗಳನ್ನು ಬಿಡಿಸಿ ಗುರುಗಳಿಂದ ಭೇಷ್ ಎನ್ನಿಸಿಕೊಂಡಿದ್ದೆವು. ಶೌಚಸ್ಥಾನವೆಂಬ ಒಂದು ಪದವು ಆ ಪಟ್ಟಿಯಲ್ಲಿ ಏಕಿದೆಯೆಂಬುದು ಅರ್ಥವಾಗುವುದಕ್ಕೆ ಮುರಿದ ಕೈಯೊಂದನ್ನು ನೋಡಬೇಕಾಯಿತು.

ಹಿಂದಿನವರು ಹೇಳಿದ್ದಾರೆಂಬ ಮಾತ್ರಕ್ಕೆ ಸಾಲದು, ಎಣಿಸಿ ತೋರಿಸಬೇಕು. ಹಾಗೆ ತೋರಿಸಿದವರಲ್ಲಿ ಅಗ್ರಗಣ್ಯಳು ಫ್ಲಾರೆನ್ಸ್ ನೈಟಿಂಗೇಲ್. 1854ರಲ್ಲಿ ಕ್ರಿಮಿಯದ ಯುದ್ಧದ ಗಾಯಾಳುಗಳ ಶುಶ್ರೂಷೆಗಾಗಿ ಆಕೆ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದಳು. ಆ ಚಳಿಗಾಲದಲ್ಲಿ, ಅಷ್ಟು ಶುಶ್ರೂಷೆ ನಡೆದರೂ, ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ರೋಗದಿಂದ ಸತ್ತರು. 1855ರ ಮಾರ್ಚಿಯಲ್ಲಿ ನೈರ್ಮಲ್ಯದ ಆಯೋಗವೊಂದು ಬಂದು ಕಟ್ಟಡದ ಅಡಿಯ ಚರಂಡಿಗಳನ್ನು ತೊಳೆಯಿಸಿ, ಗಾಳಿಗೆ ದಾರಿ ಮಾಡಿದ ಮೇಲೆ ಕೆಲವೇ ತಿಂಗಳುಗಳಲ್ಲಿ ಮರಣಗಳು ಬಹಳವಾಗಿ ಇಳಿದುವು. ಆಕೆ ಊರಿಗೆ ಮರಳಿ ಅಂಕಿಗಳನ್ನು ಕೂಡಿ ಕಳೆದು, 1859ರಲ್ಲಿ ಆಸ್ಪತ್ರೆಗಳನ್ನು ಕುರಿತು ಪುಸ್ತಕವನ್ನೇ ಬರೆದಳು. ರೋಗಿಗೆ ಕೇಡು ಮಾಡದಿರುವುದು ಆಸ್ಪತ್ರೆಯ ಮೊದಲನೆಯ ಧರ್ಮವೆಂಬುದು ಅದರ ಸಾರ. ಎರಡು ಕಡೆಯೂ ಎತ್ತರವಾದ ಕಿಟಕಿಗಳಿರುವ ಉದ್ದನೆಯ ವಾರ್ಡುಗಳು ಲೋಕದಲ್ಲೆಲ್ಲ ಹರಡಿದ್ದು ಆಕೆಯ ಪ್ರಭಾವದಿಂದ.

ಈಚಿನ ನಿದರ್ಶನವೊಂದನ್ನು ನೋಡಿ. ರೋಜರ್ ಉಲ್ರಿಚ್ ಎಂಬ ಅಮೆರಿಕದ ವಿದ್ವಾಂಸರು ಪೆನ್ಸಿಲ್ವೇನಿಯದ ಒಂದು ಆಸ್ಪತ್ರೆಯ 1972ರಿಂದ 1981ರವರೆಗಿನ ದಾಖಲೆಗಳನ್ನು ತೆಗೆದು, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ಮಂದಿಯನ್ನು ಹೋಲಿಸಿದರು. ಅವರಲ್ಲಿ 23 ಮಂದಿಯ ಕಿಟಕಿಗೆ ಮರಗಳು ಕಾಣುತ್ತಿದ್ದುವು. ಉಳಿದ 23 ಮಂದಿಗೆ ಇಟ್ಟಿಗೆಯ ಗೋಡೆ. ಮರ ಕಂಡವರು ಸರಾಸರಿ 7.96 ದಿವಸಗಳಲ್ಲಿಯೂ, ಗೋಡೆ ಕಂಡವರು 8.70 ದಿವಸಗಳಲ್ಲಿಯೂ ಮನೆಗೆ ಹೋದರು. ನೋವಿಗೆ ಕೊಡುವ ಬಲವಾದ ಔಷಧವೂ ಮರ ಕಂಡವರಿಗೆ ಕಡಿಮೆ ಬೇಕಾಯಿತು. 1984ರಲ್ಲಿ ಇದು ಪ್ರಕಟವಾದಂದಿನಿಂದ ಆಸ್ಪತ್ರೆಯ ಕಟ್ಟಡವನ್ನು ಪ್ರಮಾಣಪೂರ್ವಕವಾಗಿ ಪರೀಕ್ಷಿಸುವುದು ಒಂದು ಶಾಸ್ತ್ರವಾಗಿ ಬೆಳೆದಿದೆ. ಆದರೂ ಒಂದು ದೇಶದ, ಒಂದು ಆಸ್ಪತ್ರೆಯ, 46 ಮಂದಿಯ ಅನುಭವವೆಂಬುದನ್ನು ಮರೆಯಬಾರದು. ಮರವನ್ನು ನಾವೂ ನೆಡೋಣ. ಆದರೆ ಮೊದಲು ಪರೀಕ್ಷೆಯಾಗಬೇಕಾದದ್ದು ಯಾವುದೆಂದು ಕೇಳಿದರೆ, ನಮ್ಮ ನಾಡಿನ ಮಟ್ಟಿಗೆ ನಾಲ್ಕು ವಿಷಯಗಳನ್ನು ಹೇಳುತ್ತೇವೆ.

ಮೊದಲನೆಯದು, ಮಂಚದಿಂದ ಶೌಚಗೃಹದವರೆಗಿನ ದಾರಿ. ಆಸ್ಪತ್ರೆಯಲ್ಲಿ ಬೀಳುವವರಲ್ಲಿ ಹಲವರು ಈ ದಾರಿಯಲ್ಲಿಯೇ ಬೀಳುತ್ತಾರೆ. ದೂರವೆಷ್ಟು, ಹಿಡಿಗಂಬಿ ಎಲ್ಲಿ, ಹೊಸ್ತಿಲು ಬೇಕೆ ಬೇಡವೆ, ನೆಲದ ಕಲ್ಲು ಯಾವುದು, ರಾತ್ರಿ ದೀಪ ಎಷ್ಟು ಎತ್ತರದಲ್ಲಿರಬೇಕು, ಇವನ್ನು ಅಳೆಯುವುದಕ್ಕೆ ದೊಡ್ಡ ಯಂತ್ರಗಳು ಬೇಡ. ಪ್ರತಿಯೊಂದು ಬೀಳುವಿಕೆಯನ್ನೂ ಸ್ಥಳ ಮತ್ತು ವೇಳೆಯೊಡನೆ ಬರೆದಿಡುವ ಒಂದು ಪುಸ್ತಕ ಸಾಕು.

ಎರಡನೆಯದು ಗಾಳಿ. ಕ್ಷಯರೋಗವು ಗಾಳಿಯಿಂದ ಹರಡತಕ್ಕದ್ದು. ಆ ರೋಗವು ನಮ್ಮಲ್ಲಿ ಇನ್ನೂ ತೊಲಗಿಲ್ಲ. ಪೆರು ದೇಶದ ಲಿಮಾ ನಗರದ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷೆ ನಡೆಸಿ 2007ರಲ್ಲಿ ಪ್ರಕಟಿಸಿದ ಫಲವು ಆಲೋಚಿಸತಕ್ಕದ್ದು. ಬಾಗಿಲು ಕಿಟಕಿಗಳನ್ನು ತೆರೆದಿಟ್ಟಾಗ ಕೋಣೆಯ ಗಾಳಿಯು ಗಂಟೆಗೆ ಸುಮಾರು 28 ಸಲ ಬದಲಾಗುತ್ತಿತ್ತು. ಯಂತ್ರದಿಂದ ಗಾಳಿ ಊಡುವ ಕೋಣೆಗಳಲ್ಲಿ 12 ಸಲ ಮಾತ್ರ. ಎತ್ತರದ ಸೂರು, ದೊಡ್ಡ ಕಿಟಕಿಗಳುಳ್ಳ ಹಳೆಯ ಕಟ್ಟಡಗಳು ಹೊಸವುಗಳಿಗಿಂತ ಮೇಲಾಗಿದ್ದುವು. ನಮ್ಮಲ್ಲಿಯೂ ಹಳೆಯ ವಾರ್ಡುಗಳನ್ನು ಕೆಡವಿ ಗಾಜಿನ ಪೆಟ್ಟಿಗೆಗಳನ್ನು ಕಟ್ಟುವುದಕ್ಕೆ ಮೊದಲು, ಎರಡರ ಗಾಳಿಯನ್ನೂ ಅಳೆಯುವುದು ಲೇಸು. ಸೊಳ್ಳೆ, ಮಳೆ, ಬೇಸಗೆಯ ಧಗೆ ಇವುಗಳೊಡನೆ ತೆರೆದ ಕಿಟಕಿಯು ಹೇಗೆ ಹೊಂದಬೇಕೆಂಬುದು ನಾವೇ ಬಿಡಿಸತಕ್ಕ ಲೆಕ್ಕ.

ಮೂರನೆಯದು ನಿದ್ರೆ. ರಾತ್ರಿ ವಾರ್ಡಿನ ಸದ್ದು 30 ಡೆಸಿಬೆಲನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 1999ರಲ್ಲಿ ಸೂಚಿಸಿತು. ಅದು ಮೆಲ್ಲನೆಯ ಪಿಸುಮಾತಿನಷ್ಟು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಪಂಡಿತರು 2005ರಲ್ಲಿ ನಾನಾ ದೇಶಗಳ ವರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಸ್ಪತ್ರೆಗಳ ಹಗಲಿನ ಸದ್ದು 1960ರಲ್ಲಿ ಸುಮಾರು 57 ಡೆಸಿಬೆಲ್ ಇದ್ದದ್ದು 72ಕ್ಕೆ ಏರಿತ್ತು. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಎರಡರಷ್ಟಾಗಿ ಕೇಳುತ್ತದೆ. ನಿದ್ರೆಗೆಟ್ಟ ರೋಗಿಗೆ ಪಥ್ಯವೇನು ಮಾಡೀತು?

ನಾಲ್ಕನೆಯದು, ಜೊತೆಯವರ ಸ್ಥಳ. ಪಾಶ್ಚಾತ್ಯರ ನಕ್ಷೆಗಳಲ್ಲಿ ಇವರು ಬಹುಮಟ್ಟಿಗೆ ವೇಳೆ ನೋಡಿ ಬಂದುಹೋಗುವ ಅತಿಥಿಗಳು. ನಮ್ಮಲ್ಲಿ ತಾಯಿಯೋ, ಮಗಳೋ, ಗಂಡನೋ ಹಗಲಿರುಳೂ ಉಳಿದು ಅರ್ಧ ಶುಶ್ರೂಷೆಯನ್ನು ತಾವೇ ಮಾಡುತ್ತಾರೆ. ಮಂಚದ ಅಡಿ, ಮೆಟ್ಟಿಲ ಕೆಳಗೆ, ವರಾಂಡದ ನೆಲ ಇವೇ ಅವರ ಶಯ್ಯೆ. ನಕ್ಷೆಯಲ್ಲಿ ಅವರಿಗೆ ಒಂದು ಗೆರೆಯೂ ಇರುವುದಿಲ್ಲ. ಮಂಚದ ಪಕ್ಕದಲ್ಲಿ ಮಡಿಸುವ ಬೆಂಚೊಂದಿದ್ದರೆ ಎಷ್ಟು ಮಂದಿ ಬೀಳದೆ ಉಳಿದಾರು? ಜನಸಂದಣಿಯಿಂದ ಸೋಂಕು ಎಷ್ಟು ಹೆಚ್ಚೀತು? ಇದನ್ನು ಇಲ್ಲಿಯೇ, ನಮ್ಮ ವಾರ್ಡುಗಳಲ್ಲಿಯೇ ಪರೀಕ್ಷಿಸಬೇಕು; ಬೇರೆ ದೇಶದವರು ಪರೀಕ್ಷಿಸಿ ಕೊಡಲಾರರು.

ಪರೀಕ್ಷೆಯೆಂದರೆ ಕಟ್ಟಿದ ಮೇಲೆ ಮರಳಿ ಹೋಗಿ ಕೇಳುವುದು. ಇಂಗ್ಲೆಂಡಿನ ಪೆಂಬರಿಯಲ್ಲಿ 2011ರಲ್ಲಿ, ಪ್ರತಿಯೊಬ್ಬ ರೋಗಿಗೂ ಪ್ರತ್ಯೇಕ ಕೋಣೆಯುಳ್ಳ ಆಸ್ಪತ್ರೆಯನ್ನು ತೆರೆದರು. ಅನಂತರ ವಿದ್ವಾಂಸರು ಹೋಗಿ ವಿಚಾರಿಸಿದರು. ರೋಗಿಗಳು ಏಕಾಂತವನ್ನು ಮೆಚ್ಚಿದರು. ಕೆಲವರಿಗೆ ಒಂಟಿತನವೂ ಕಾಡಿತು. ನರ್ಸುಗಳ ನಡಿಗೆ ಹೆಚ್ಚಾಯಿತು. ಒಳಿತು ಕೆಡಕುಗಳೆರಡೂ ಹೊರಬಿದ್ದದ್ದು ಮುಂದೆ ಕಟ್ಟುವವರಿಗೆ ಲಾಭವೇ ಸರಿ.

ನಾವು ಪಾಠ ಹೇಳುತ್ತಿದ್ದ ಕಾಲದಲ್ಲಿ ಹುಡುಗನೊಬ್ಬನು ಹಲಗೆಯ ಮೇಲಿನದನ್ನು ತಪ್ಪು ತಪ್ಪಾಗಿ ಬರೆಯುತ್ತಿದ್ದನು. ಎಷ್ಟೋ ಸಲ ಗದರಿಸಿದೆವು. ಒಂದು ದಿವಸ ಅವನ ಬೆಂಚಿನಲ್ಲಿ ಕುಳಿತು ನೋಡಿದರೆ, ಕಿಟಕಿಯ ಬೆಳಕು ಹಲಗೆಯ ಮೇಲೆ ಬಿದ್ದು ಅರ್ಧ ಅಕ್ಷರಗಳು ಕಾಣುತ್ತಲೇ ಇರಲಿಲ್ಲ. ಅಷ್ಟು ವರ್ಷಗಳೂ ನಾವು ಹಲಗೆಯ ಪಕ್ಕದಲ್ಲಿಯೇ ನಿಂತಿದ್ದೆವು! ಫಿನ್ಲೆಂಡಿನ ಶಿಲ್ಪಿ ಆಲ್ವಾರ್ ಆಲ್ಟೊ ಈ ತಪ್ಪನ್ನು ಮಾಡಲಿಲ್ಲ. 1933ರಲ್ಲಿ ಮುಗಿದ ಪೈಮಿಯೊ ಕ್ಷಯರೋಗಧಾಮವನ್ನು ಆತನು ಮಲಗಿದವನ ಕಣ್ಣಿನಿಂದ ಕಲ್ಪಿಸಿದನು. ರೋಗಿಯು ದಿನವೆಲ್ಲ ನೋಡುವುದು ಸೂರನ್ನೇ ಆದ್ದರಿಂದ ಅದಕ್ಕೆ ಕಣ್ಣಿಗೆ ತಂಪಾದ ಬಣ್ಣ; ದೀಪವು ಕಣ್ಣಿಗೆ ಹೊಡೆಯದ ಸ್ಥಳದಲ್ಲಿ; ನೆರೆಯ ಮಂಚದವನಿಗೆ ಎಚ್ಚರವಾಗದಂತೆ, ನೀರು ಸದ್ದಿಲ್ಲದೆ ಬೀಳುವ ಓರೆಯ ಕೈತೊಳೆಯುವ ಬೋಗುಣಿ.

ಗೃಹಸ್ಥರು ಮಾಡತಕ್ಕದ್ದೂ ಉಂಟು. ಬಂಧುಗಳನ್ನು ನೋಡುವುದಕ್ಕೆಂದು ಆಸ್ಪತ್ರೆಗೆ ಹೋದಾಗ ಕಿತ್ತಳೆಹಣ್ಣನ್ನು ಕೊಟ್ಟು ಕುಶಲವನ್ನು ಕೇಳಿದ ಮೇಲೆ, ರಾತ್ರಿ ನಿದ್ರೆ ಬಂತೆ, ಎದ್ದು ಹೋಗುವ ದಾರಿಯಲ್ಲಿ ಹಿಡಿದುಕೊಳ್ಳಲು ಏನಿದೆ, ಜೊತೆಯವರು ಎಲ್ಲಿ ಮಲಗುತ್ತಾರೆ ಎಂದು ಕೇಳಿರಿ. ಕೇಳಿದ್ದನ್ನು ಕಾಗದದಲ್ಲಿ ಬರೆದು, ಬೈಗುಳವಿಲ್ಲದೆ, ಅಂಕಿಗಳೊಡನೆ ಆಸ್ಪತ್ರೆಯ ಅಧಿಕಾರಿಗಳಿಗೆ ಕೊಡಿರಿ. ಸರ್ಕಾರದ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿಗಳುಂಟು, ಅವುಗಳಿಗೂ ಕೊಡಬಹುದು. ನಾವೂ ನಮ್ಮ ನಲವತ್ತೊಂದು ಹೆಜ್ಜೆಗಳನ್ನು ಬರೆದು ಆ ಆಸ್ಪತ್ರೆಗೆ ಕೊಟ್ಟು ಬಂದಿದ್ದೇವೆ. ಉತ್ತರವು ಇನ್ನೂ ಬಂದಿಲ್ಲ.

ಮೊನ್ನೆ ನೆರೆಮನೆಯವರನ್ನು ನೋಡಲು ಅದೇ ವಾರ್ಡಿಗೆ ಹೋಗಿದ್ದೆವು. ಹೊಸ್ತಿಲು ಹಾಗೆಯೇ ಇದೆ. ಗೋಡೆಗೆ ಮಾತ್ರ ಹೊಸದಾಗಿ ಒಂದು ಹಿಡಿಗಂಬಿಯನ್ನು ಹಾಕಿದ್ದಾರೆ. ನಮ್ಮ ಮನೆಯವರು ಅದನ್ನು ಬಲಗೈಯಿಂದ ಹಿಡಿದು ಒಮ್ಮೆ ಅಲುಗಿಸಿ ನೋಡಿ, “ಗಟ್ಟಿಯಾಗಿದೆ” ಎಂದರು.