ಗೃಹಾಲೋಚನೆ: ಕಿರಿಯ ಪೆಟ್ಟಿಗೆಯಲ್ಲಿ ಹಿರಿಯ ಆಟ

ಕಲಬುರಗಿಯ ಸೋದರಿಯೊಬ್ಬರು ನಮಗೊಂದು ಪತ್ರವನ್ನು ಬರೆದಿರುವರು. ಅವರ ಚಿರಂಜೀವಿಯು ಈ ವರ್ಷ ಇಂಜಿನಿಯರಿಂಗ್ ಕಾಲೇಜನ್ನು ಸೇರಿದ್ದಾನೆ. ಓದಿಗೂ ಆಟಕ್ಕೂ ಒದಗುವ ಕಂಪ್ಯೂಟರೊಂದು ಬೇಕೆಂದು ಅವನ ಹಟ. ಮನೆಯಲ್ಲಿರುವುದು ಎರಡೇ ಕೋಣೆ, ಒಂದೇ ಮೇಜು. ಆ ಮೇಜಿನ ಅರ್ಧವನ್ನು ಹೊಲಿಗೆಯ ಯಂತ್ರವು ಆಕ್ರಮಿಸಿಕೊಂಡಿದೆ. ಆದಕಾರಣ ಕಂಪ್ಯೂಟರು ಚಿಕ್ಕದಾಗಿಯೇ ಇರಬೇಕು. ತಾಯಿಯ ಚೀಟಿಯ ಹಣಕ್ಕೆ ಮಗನು ಮನೆಪಾಠ ಹೇಳಿ ಕೂಡಿಟ್ಟ ಹಣವನ್ನು ಸೇರಿಸಿ ಕೊಳ್ಳತಕ್ಕ ಪದಾರ್ಥವಿದು. “ತಪ್ಪಿದರೆ ಎರಡನೆಯ ಸಲ ಕೊಳ್ಳುವ ಶಕ್ತಿ ನಮಗಿಲ್ಲ; ಯಾವುದನ್ನು ಕೊಳ್ಳಲಿ?” ಎಂದು ಅವರು ಕೇಳಿರುವರು. ಆಟವಾಡುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಅವರು ಕೇಳಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಹೇಳುವ ಚಾಳಿ ನಮಗೂ ಉಂಟಾದರೂ ಈ ತಿಂಗಳು ಅದನ್ನು ಬಿಟ್ಟಿರುವೆವು.

ಈ ವಿಷಯದಲ್ಲಿ ಮಾತನಾಡಲು ನಮಗಿರುವ ಅಧಿಕಾರವೇನೆಂದರೆ, ನಾವೇ ಒಮ್ಮೆ ಕೈ ಸುಟ್ಟುಕೊಂಡವರು. 2022ರಲ್ಲಿ ನಮ್ಮ ಸೋದರಳಿಯನ ಒತ್ತಾಯಕ್ಕೆ ಕಟ್ಟುಬಿದ್ದು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆವು. ಕಛೇರಿಯೊಂದರಲ್ಲಿ ಐದಾರು ವರ್ಷ ದುಡಿದು ನಿವೃತ್ತಿ ಹೊಂದಿದ ಸಪೂರವಾದ ಕಂಪ್ಯೂಟರೊಂದು ಅಲ್ಲಿ ದೊರೆಯಿತು. ಎರಡು ದಪ್ಪ ನಿಘಂಟುಗಳನ್ನು ಒಂದರ ಮೇಲೊಂದಿಟ್ಟಷ್ಟೇ ಗಾತ್ರ, ಬೆಲೆಯೂ ಹಿತವಾಗಿತ್ತು. ಆಟಕ್ಕೆ ಬೇಕಾದ ಗ್ರಾಫಿಕ್ಸ್ ಕಾರ್ಡನ್ನು ಪಕ್ಕದ ಅಂಗಡಿಯಲ್ಲಿ ಕೊಂಡೆವು. ಮನೆಗೆ ಬಂದು ಮುಚ್ಚಳವನ್ನು ತೆಗೆದು ಕಾರ್ಡನ್ನು ನೆಟ್ಟಾಗ ಅದರ ತಲೆಯು ಪೆಟ್ಟಿಗೆಯ ಅಂಚಿಗಿಂತ ಒಂದೂವರೆ ಅಂಗುಲ ಮೇಲೆ ನಿಂತಿತು! ಸಾಮಾನ್ಯ ಕಾರ್ಡಿನ ಲೋಹದ ಪಟ್ಟಿ ಸುಮಾರು 12 ಸೆಂಟಿಮೀಟರು ಎತ್ತರ. ಇಂತಹ ಸಪೂರ ಪೆಟ್ಟಿಗೆಯಲ್ಲಿ 8 ಸೆಂಟಿಮೀಟರಿನ ‘ಲೋ ಪ್ರೊಫೈಲ್’ ಕಾರ್ಡು ಮಾತ್ರ ಹಿಡಿಸುವುದು. ಸಾಲದುದಕ್ಕೆ, ನಾವು ತಂದ ಕಾರ್ಡಿಗೆ ವಿದ್ಯುತ್ತನ್ನು ಬೇರೆ ತಂತಿಯಿಂದಲೇ ಕೊಡಬೇಕಾಗಿದ್ದಿತು. ಆ ಪೆಟ್ಟಿಗೆಯ ಪವರ್ ಸಪ್ಲೈಯಲ್ಲಿ ಅಂತಹ ತಂತಿಯೇ ಇರಲಿಲ್ಲ. ಪವರ್ ಸಪ್ಲೈಯನ್ನಾದರೂ ಬದಲಾಯಿಸೋಣವೆಂದರೆ ಅದರ ಆಕಾರವೂ ಕೊಂಡಿಗಳೂ ಪೇಟೆಯ ಯಾವ ಸರಕಿಗೂ ಹೊಂದುವಂತಹವಲ್ಲ. ಕಾರ್ಡನ್ನು ಹಿಂದಿರುಗಿಸಿದಾಗ ಅಂಗಡಿಯವರು ಸ್ವಲ್ಪ ಹಣವನ್ನು ಹಿಡಿದುಕೊಂಡರು. ಅವರನ್ನು ದೂರುವುದಿಲ್ಲ, ಅಳತೆಪಟ್ಟಿ ನಮ್ಮ ಮನೆಯಲ್ಲಿಯೇ ಇದ್ದಿತಷ್ಟೆ. ಕೊನೆಗೆ ತಂದ ಮೋಟು ಕಾರ್ಡು ಹಿಂದಿನದಕ್ಕಿಂತ ಬೆಲೆಯಲ್ಲಿ ಹೆಚ್ಚು, ಬಲದಲ್ಲಿ ಕಡಿಮೆ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಆ ಯಂತ್ರದ್ದು ಇಂಟೆಲಿನ ಆರನೆಯ ತಲೆಮಾರಿನ ಪ್ರೊಸೆಸರು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ನೆಯ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ನ್ನು ಹಾಕಬೇಕಾದರೆ ಇಂಟೆಲಿನ ಎಂಟನೆಯ ತಲೆಮಾರು ಅಥವಾ ಅದರ ಈಚಿನದೇ ಆಗಬೇಕು. ಮೂರು ವರ್ಷದಲ್ಲಿ ನಮ್ಮ ಪೆಟ್ಟಿಗೆ ಎರಡನೆಯ ಸಲ ನಿವೃತ್ತಿ ಹೊಂದಿತು.

ಇಷ್ಟಾದರೂ ಹಳೆಯ ಕಛೇರಿಯ ಯಂತ್ರಗಳನ್ನು ನಾವು ಸರ್ವಥಾ ನಿಷೇಧಿಸುವವರಲ್ಲ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಎಂಬ ಹೆಸರಿನವು ಗಟ್ಟಿಯಾದ ಯಂತ್ರಗಳೇ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಬಹಳವಾಗಿ ಏರಿದ ಮೇಲಂತೂ, ಒಳಗೆ 16 ಜಿ.ಬಿ. ಮೆಮೊರಿ ಇರುವ ಹಳೆಯ ಪೆಟ್ಟಿಗೆಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಹಣ ಕೊಡುವ ಮುನ್ನ ಮುಚ್ಚಳವನ್ನು ತೆಗೆಯಿಸಿ ನೋಡತಕ್ಕದ್ದು. ಒಂದೇ ಹೆಸರಿನಲ್ಲಿ ಮೂರು ಗಾತ್ರಗಳು ಬರುವುದುಂಟು. ‘ಮೈಕ್ರೊ’ ‘ಟೈನಿ’ ‘ಮಿನಿ’ ಎಂದು ಕರೆಯುವ ಅಂಗೈಯಗಲದವುಗಳಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಸಾಮಾನ್ಯವಾಗಿ ಸ್ಥಳವೇ ಇರದು, ‘ಟವರ್’ ಎಂಬುದರಲ್ಲಿ ಧಾರಾಳ, ನಡುವಣ ‘ಎಸ್.ಎಫ್.ಎಫ್.’ ಎಂಬುದರಲ್ಲಿ ಮೋಟು ಕಾರ್ಡಿಗೆ ಮಾತ್ರ ಎಡೆ. ಅದರಲ್ಲಿಯೂ ಕಾರ್ಡಿನ ದೊಡ್ಡ ಸ್ಲಾಟು ಪವರ್ ಸಪ್ಲೈಯ ಗೋಡೆಗೆ ಒತ್ತಿಕೊಂಡಿದ್ದರೆ ಎರಡು ಸ್ಲಾಟಿನ ದಪ್ಪದ ಕಾರ್ಡು ಹಿಡಿಸದು. ಬೇರೆ ತಂತಿಯಿಲ್ಲದೆ ಆ ಸ್ಲಾಟು ಕೊಡಬಲ್ಲ ವಿದ್ಯುತ್ತು ಹೆಚ್ಚೆಂದರೆ 75 ವಾಟ್. ಎನ್ವಿಡಿಯಾದವರು 2024ರಲ್ಲಿ ಹೊರತಂದ 6 ಜಿ.ಬಿ.ಯ ಆರ್.ಟಿ.ಎಕ್ಸ್. 3050 ಕಾರ್ಡಿಗೆ 70 ವಾಟ್ ಸಾಕು. ಅದರ ಮೋಟು ಮಾದರಿಗಳೂ ಬಂದಿವೆ. ಎ.ಎಂ.ಡಿ.ಯವರ ಆರ್.ಎಕ್ಸ್. 6400 ಇನ್ನೂ ತೆಳುವಾದುದು, 53 ವಾಟಿನದು. ಆದರೆ ಅದು ನಾಲ್ಕೇ ದಾರಿಗಳಲ್ಲಿ ಮಾಹಿತಿಯನ್ನು ಸಾಗಿಸುವ ಕಾರ್ಡಾದುದರಿಂದ ಹಳೆಯ ಯಂತ್ರಗಳ ನಿಧಾನವಾದ ಸ್ಲಾಟಿನಲ್ಲಿ ಸೊರಗುವುದು. ಹಳೆಯ ಪೆಟ್ಟಿಗೆಗೆ ಅದನ್ನು ನಾವು ಹೇಳಲಾರೆವು.

ಇನ್ನು ಹೊಸದಾಗಿಯೇ ಬಿಡಿಬಿಡಿಯಾಗಿ ಕೊಂಡು ಜೋಡಿಸುವವರ ವಿಚಾರ. ಚೆಲುವಾದ ಪೆಟ್ಟಿಗೆಯನ್ನು ಮೊದಲು ಕಂಡು ಮೋಹಗೊಳ್ಳುವುದೇ ಈ ವ್ಯಾಪಾರದಲ್ಲಿ ಕಷ್ಟಗಳೆಲ್ಲದರ ಮೂಲ. ಹಾಸಿಗೆ ಇದ್ದಷ್ಟು ಕಾಲು ಚಾಚೆಂದು ಹಿರಿಯರು ಹೇಳಿದುದು ಹಣದ ಮಾತಿಗೆ. ಇಲ್ಲಿ ಕಾಲನ್ನು ಅಳೆದು ಹಾಸಿಗೆಯನ್ನು ಹೊಲಿಸಬೇಕಾಗಿದೆ. ಯಾವ ಆಟಗಳನ್ನು ಆಡುವೆಯೆಂದು ಮಗನನ್ನೇ ಮೊದಲು ಕೇಳತಕ್ಕದ್ದು. ವಾಲರಂಟ್, ಕೌಂಟರ್ ಸ್ಟ್ರೈಕ್ ಮುಂತಾದವು ಸಾಧಾರಣ ಕಾರ್ಡಿನಲ್ಲಿಯೇ ಚೆನ್ನಾಗಿ ನಡೆಯುವುವು; ಸೈಬರ್‌ಪಂಕ್ 2077ರಂತಹವು ಬಲವಾದ ಕಾರ್ಡನ್ನು ಬೇಡುವುವು. ಅನಂತರ ಮಾನಿಟರು. ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳಿರುವ ಮಾನಿಟರಿಗಿಂತ ‘4ಕೆ’ ಎಂಬುದರಲ್ಲಿ ಚುಕ್ಕೆಗಳು ನಾಲ್ಕು ಪಾಲು. ಕಾರ್ಡಿನ ದುಡಿಮೆಯೂ ಅದಕ್ಕೆ ತಕ್ಕಂತೆ ಏರುವುದು. ಇವೆರಡು ತಿಳಿದ ಮೇಲೆ ಕಾರ್ಡು, ಕಾರ್ಡಿನಿಂದ ವಾಟು, ಕಟ್ಟಕಡೆಗೆ ಕ್ಯಾಬಿನೆಟ್ಟು. ಕಾರ್ಡುಗಳಲ್ಲಿರುವ ಅಂತರವಾದರೂ ಎಷ್ಟು! ಆರ್.ಟಿ.ಎಕ್ಸ್. 5060ಕ್ಕೆ 145 ವಾಟ್ ಸಾಕಾದರೆ ಆರ್.ಟಿ.ಎಕ್ಸ್. 4090ಕ್ಕೆ 450 ಬೇಕು. ಎನ್ವಿಡಿಯಾದವರದೇ ಮಾದರಿಯಲ್ಲಿ ಅದರ ಉದ್ದ 30 ಸೆಂಟಿಮೀಟರಿಗೂ ಮಿಗಿಲು. ಮೊದಲನೆಯದನ್ನು ಚಿಕ್ಕ ಮನೆಗೆ ಸೊಸೆಯಾಗಿ ತರಬಹುದು. ಎರಡನೆಯದಕ್ಕೆ ಬೇರೆ ಮನೆಯನ್ನೇ ಕಟ್ಟಿಸಬೇಕು.

ಪೆಟ್ಟಿಗೆಯ ಗಾತ್ರವನ್ನು ಈಗ ಲೀಟರಿನಲ್ಲಿ ಹೇಳುವ ರೂಢಿ. ನಮ್ಮ ಮನೆಗಳಿಗೆ ಬರುವ ಕುಡಿಯುವ ನೀರಿನ ಕ್ಯಾನು 20 ಲೀಟರಿನದಲ್ಲವೆ? ಅದಕ್ಕಿಂತ ಕಿರಿದಾದುದನ್ನು ಚಿಕ್ಕ ಪೆಟ್ಟಿಗೆಯೆಂದು ಎಣಿಸುವರು. ಕೂಲರ್ ಮಾಸ್ಟರಿನ ಎನ್.ಆರ್. 200 ಎಂಬುದು 18.25 ಲೀಟರು, ಫ್ರ್ಯಾಕ್ಟಲಿನ ಟೆರ್ರಾ 10.4 ಲೀಟರು, ಅಂದರೆ ಅರ್ಧ ಕ್ಯಾನಿನಷ್ಟು. ಇವುಗಳೊಳಗೆ 17 ಸೆಂಟಿಮೀಟರು ಚದರದ ‘ಮಿನಿ ಐ.ಟಿ.ಎಕ್ಸ್.’ ಮದರ್‌ಬೋರ್ಡನ್ನೂ ‘ಎಸ್.ಎಫ್.ಎಕ್ಸ್.’ ಎಂಬ ಚಿಕ್ಕ ಪವರ್ ಸಪ್ಲೈಯನ್ನೂ ಕೂಡಿಸುವರು. ಎರಡೂ ತಮ್ಮ ದೊಡ್ಡ ಅಣ್ಣಂದಿರಿಗಿಂತ ತುಟ್ಟಿ. ಬೋರ್ಡಿನಲ್ಲಿ ಕಾರ್ಡಿಗೆ ಒಂದೇ ಸ್ಲಾಟು, ಮೆಮೊರಿಗೆ ಸಾಮಾನ್ಯವಾಗಿ ಎರಡೇ. ಪ್ರೊಸೆಸರಿನ ಮೇಲೆ ಕೂರುವ ಕೂಲರಿನ ಎತ್ತರವನ್ನು ಮಿಲಿಮೀಟರಿನವರೆಗೂ ಲೆಕ್ಕ ಹಾಕಬೇಕು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದರೊಡನೆ ಹತ್ತು ಲೀಟರಿನ ಪೆಟ್ಟಿಗೆಯಲ್ಲಿ ತಂತಿಗಳನ್ನು ಅಡಗಿಸಿ ನೋಡು ಎಂಬುದನ್ನೂ ಸೇರಿಸಬಹುದು.

ಸೆಖೆಯ ಊರಿನವರು ಗಮನವಿಟ್ಟು ಯೋಚಿಸಬೇಕಾದುದು ಕಾವಿನ ಮಾತನ್ನು. ಕಂಪ್ಯೂಟರು ತಿಂದ ವಿದ್ಯುತ್ತೆಲ್ಲವೂ ಕೊನೆಗೆ ಕಾವಾಗಿಯೇ ಹೊರಬೀಳುವುದು. 145 ವಾಟಿನ ಕಾರ್ಡು, ಪ್ರೊಸೆಸರು, ಇತರ ಭಾಗಗಳು ಸೇರಿ ಆಟದ ಕಾಲದಲ್ಲಿ ಸುಮಾರು 240 ವಾಟ್ ಆದೀತೆನ್ನೋಣ. ಹಿಂದಿನ ಕಾಲದ 60 ವಾಟಿನ ಬಲ್ಬುಗಳನ್ನು ನಾಲ್ಕು ಹೊತ್ತಿಸಿ ಬುಟ್ಟಿಯೊಳಗೆ ಮುಚ್ಚಿಟ್ಟಂತಾಯಿತು. ಫ್ಯಾನುಗಳು ಒಳಗಿನ ಕಾವನ್ನು ಹೊರದೂಡುವುವೇ ಹೊರತು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರವು. ಬೇಸಗೆಯಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿಯನ್ನು ದಾಟುವುದು. ಕೋಣೆಯ ಗಾಳಿ ಎಷ್ಟು ಡಿಗ್ರಿ ಏರಿತೋ ಪೆಟ್ಟಿಗೆಯ ಒಳಗೂ ಹೆಚ್ಚುಕಡಿಮೆ ಅಷ್ಟೇ ಏರುವುದು. ಪ್ರೊಸೆಸರು ಸುಮಾರು 95ರಿಂದ 100 ಡಿಗ್ರಿಯನ್ನು ಮುಟ್ಟಿದೊಡನೆ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು. ಆಗ ಆಟವು ತಡವರಿಸುವುದು, ಬಾಲಕನು ಸಿಡಿಮಿಡಿಗೊಳ್ಳುವನು. ಚಿಕ್ಕ ಪೆಟ್ಟಿಗೆಯ ಚಿಕ್ಕ ಫ್ಯಾನು ಅಷ್ಟೇ ಗಾಳಿಯನ್ನು ನೂಕಲು ಹೆಚ್ಚು ವೇಗವಾಗಿ ತಿರುಗಬೇಕಾದುದರಿಂದ ಸದ್ದೂ ಹೆಚ್ಚು. ಎರಡು ಕೋಣೆಯ ಮನೆಯಲ್ಲಿ ರಾತ್ರಿ ಹತ್ತು ಗಂಟೆಯ ಮೇಲೆ ಆ ಸದ್ದನ್ನು ಕೇಳತಕ್ಕವರು ಆಡುವವನಲ್ಲ, ಮಲಗಿದವರು. ಈ ಕಾರಣದಿಂದ ಹತ್ತು ಲೀಟರಿನ ಚೆಲುವಿಗಿಂತ ಹದಿನೆಂಟು ಲೀಟರಿನ ನೆಮ್ಮದಿಯೇ ನಮ್ಮ ಕಡೆಗೆ ಲೇಸೆಂದು ತೋರುವುದು. ಮೇಜಿನ ಕೆಳಗೆ ನೀರಿನ ಒಂದೂವರೆ ಕ್ಯಾನಿನಷ್ಟು ಎಡೆಯಿದ್ದವರಂತೂ ‘ಮೈಕ್ರೊ ಎ.ಟಿ.ಎಕ್ಸ್.’ ಬೋರ್ಡಿನ ಕ್ಯಾಬಿನೆಟ್ಟನ್ನು ಕೊಳ್ಳಲಿ. ಬೋರ್ಡೂ ಪವರ್ ಸಪ್ಲೈಯೂ ಅಗ್ಗವಾಗಿ ದೊರೆತು, ಉಳಿದ ಹಣವು ಕಾರ್ಡಿಗೆ ಒದಗುವುದು.

ಒಂದೇ ಸಲಕ್ಕೆ ಹಣ ಸಾಲದಿದ್ದರೆ ಇನ್ನೊಂದು ದಾರಿಯುಂಟು. 2024ರಲ್ಲಿ ಬಂದ ಎ.ಎಂ.ಡಿ.ಯ ರೈಜೆನ್ 8600ಜಿ, 8700ಜಿ ಎಂಬ ಪ್ರೊಸೆಸರುಗಳಲ್ಲಿ ಚಿತ್ರದ ಕೆಲಸಕ್ಕೆ ಬೇಕಾದ ಭಾಗವೂ ಒಳಗೇ ಅಡಕವಾಗಿದೆ. ಹಗುರವಾದ ಆಟಗಳು ಕಾರ್ಡಿಲ್ಲದೆಯೇ ನಡೆಯುವುವು. ಕಾರ್ಡನ್ನು ಮುಂದಿನ ವರ್ಷ ಕೂಡಿಸಬಹುದು. ಆದರೆ ಅದು ಮೆಮೊರಿಯನ್ನೇ ಹಂಚಿಕೊಂಡು ದುಡಿಯುವುದರಿಂದ 16 ಜಿ.ಬಿ.ಯ ಒಂದು ಕಡ್ಡಿಯನ್ನು ಹಾಕದೆ 8 ಜಿ.ಬಿ.ಯ ಎರಡು ಕಡ್ಡಿಗಳನ್ನು ಹಾಕಿಸಬೇಕು. ಅಂಗಡಿಯಲ್ಲಿ ಒಂದೇ ಸಾಕೆನ್ನುವರು, ಒಪ್ಪತಕ್ಕದ್ದಲ್ಲ.

ಈಗ ಸೋದರಿಯವರ ಮನೆಗೆ ಬರೋಣ. ಅವರ ಮಗನು ಬಯಸುವ ಆಟಗಳ ಪಟ್ಟಿಯಲ್ಲಿ ಭಾರವಾದುದು ಒಂದೇ, ಉಳಿದವು ಹಗುರ. ಆದಕಾರಣ ಎನ್.ಆರ್. 200ರ ಗಾತ್ರದ ಕ್ಯಾಬಿನೆಟ್ಟಿನಲ್ಲಿ ರೈಜೆನ್ 8600ಜಿಯಿಂದ ಆರಂಭಿಸಿ, ಆರ್.ಟಿ.ಎಕ್ಸ್. 5060ರಂತಹ ಕಾರ್ಡನ್ನು ಅನಂತರ ಕೂಡಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಪವರ್ ಸಪ್ಲೈಯನ್ನು ಮಾತ್ರ ಮುಂದಿನ ಕಾರ್ಡನ್ನು ಎಣಿಸಿ ಈಗಲೇ ಕೊಳ್ಳಲಿ. ಗೋಡೆಯ ಗೂಡಿನಲ್ಲಿ ಅದನ್ನು ಇಡಬಹುದೆ ಎಂದು ಅಳತೆಯನ್ನೂ ಬರೆದಿರುವರು: ಎತ್ತರ ಒಂದು ಅಡಿ, ಆಳ ಒಂದೂಕಾಲು ಅಡಿ. ಪೆಟ್ಟಿಗೆಯ ಎತ್ತರ 29.2 ಸೆಂಟಿಮೀಟರು, ಉದ್ದ 37.6. ಲೆಕ್ಕದಲ್ಲಿ ಹಿಡಿಸುವುದು ನಿಜ. ಆದರೆ ಬಿಸಿಗಾಳಿ ಹೊರಡುವ ತಲೆಯ ಮೇಲೆ ಒಂದು ಬೆರಳಿನಷ್ಟು ಎಡೆಯೂ ಹಿಂದೆ ತಂತಿಗಳಿಗೆ ಸ್ಥಳವೂ ಉಳಿಯವು, ಗೂಡು ಒಲೆಯಾಗುವುದು. ಪೆಟ್ಟಿಗೆಯ ಅಗಲವು 18.5 ಸೆಂಟಿಮೀಟರು, ಒಂದು ಗೇಣಿಗಿಂತಲೂ ಕಡಿಮೆ. ಮೇಜಿನ ಮೇಲೆಯೇ ನಿಲ್ಲಿಸಿದರೆ ಹೊಲಿಗೆಯ ಯಂತ್ರವು ತನ್ನ ಅರ್ಧವನ್ನು ಬಿಟ್ಟುಕೊಡಬೇಕಾಗಿಲ್ಲ. ಯಂತ್ರದಿಂದ ದೂರದ ತುದಿಯಲ್ಲಿ ಮಾತ್ರ ನಿಲ್ಲಿಸಲಿ. ಬಟ್ಟೆ ಹೊಲಿಯುವಾಗ ಹಾರುವ ನೂಲಿನ ನವಿರು ಪೆಟ್ಟಿಗೆಯ ಜಾಲರಿಯನ್ನು ಧೂಳಿಗಿಂತ ಬೇಗ ಮುಚ್ಚಿಬಿಡುವುದು. ಹದಿನೈದು ದಿನಕ್ಕೊಮ್ಮೆ ಜಾಲರಿಯನ್ನು ಬಿಚ್ಚಿ ಮೆತ್ತನೆಯ ಬ್ರಷ್ಷಿನಿಂದ ಝಾಡಿಸುವ ಕೆಲಸವನ್ನು ಚಿರಂಜೀವಿಗೇ ಒಪ್ಪಿಸತಕ್ಕದ್ದು.