ತಲೆಸುತ್ತೆಲ್ಲ ಪಿತ್ತವಲ್ಲ

ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ಒಂದೇ ನದಿಯಾಗುತ್ತವೆ. ಅದೇ ನೀರು ಹೊಸಪೇಟೆಯ ಅಣೆಕಟ್ಟಿಗೆ ಬಂದು ಎಡದಂಡೆ, ಬಲದಂಡೆ ಕಾಲುವೆಗಳಾಗಿ ಮತ್ತೆ ಕವಲೊಡೆಯುತ್ತದೆ. ಪ್ರತಿಯೊಬ್ಬರ ತಲೆಯ ಹಿಂಬದಿಯಲ್ಲೂ ಇಂಥದೇ ಒಂದು ನದಿ ಇದೆ. ಕತ್ತಿನ ಎಡಕ್ಕೊಂದು, ಬಲಕ್ಕೊಂದು ಅಪಧಮನಿ ಮೇಲೇರುತ್ತವೆ. ಕತ್ತಿನಲ್ಲಿರುವ ಏಳು ಕಶೇರುಕಗಳ ಪೈಕಿ ಮೇಲಿನ ಆರರ ರಂಧ್ರಗಳೊಳಗೆ, ಮಣಿಗಳಲ್ಲಿ ದಾರ ಪೋಣಿಸಿದಂತೆ ಹಾದು, ತಲೆಬುರುಡೆ ಹೊಕ್ಕು, ಮಿದುಳುಕಾಂಡದ ಮುಂದೆ ಒಂದಾಗುತ್ತವೆ. ಹೀಗೆ ಆದ ನಾಳವೇ ಬೇಸಿಲರ್ ಅಪಧಮನಿ. ಅಪಧಮನಿಗಳು ಕವಲೊಡೆಯುವುದು ಸಾಮಾನ್ಯ, ಎರಡು ಸೇರಿ ಒಂದಾಗುವುದು ಅಪರೂಪ. ಈ ನಾಳದ ಅಗಲವೋ ಮೂರು-ನಾಲ್ಕು ಮಿಲಿಮೀಟರು ಮಾತ್ರ. ತುದಿಯಲ್ಲಿ ಅದೂ ಎರಡು ಕವಲಾಗಿ ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುತ್ತದೆ.

ಈ ನಾಳಗಳ ಅಚ್ಚುಕಟ್ಟು ಪ್ರದೇಶ ಚಿಕ್ಕದಾದರೂ ಬಲು ಮುಖ್ಯವಾದದ್ದು. ದೇಹದ ಸಮತೋಲ ನೋಡಿಕೊಳ್ಳುವ ಅನುಮಸ್ತಿಷ್ಕ ಇಲ್ಲಿದೆ. ಉಸಿರಾಟ, ನುಂಗುವಿಕೆ, ಕಣ್ಣುಗುಡ್ಡೆಯ ಚಲನೆ, ಎಚ್ಚರ ಇವೆಲ್ಲವನ್ನೂ ನಡೆಸುವ ಮಿದುಳುಕಾಂಡ ಇಲ್ಲಿದೆ. ಕಣ್ಣು ಕಂಡದ್ದನ್ನು ಅರ್ಥ ಮಾಡಿಕೊಳ್ಳುವ ಭಾಗವೂ ಇಲ್ಲೇ. ರಕ್ತ ಹೆಪ್ಪುಗಟ್ಟಿ ಆಗುವ ಪಾರ್ಶ್ವವಾಯುಗಳಲ್ಲಿ ಸುಮಾರು ಐದರಲ್ಲೊಂದು ಈ ಹಿಂಬದಿಯ ನಾಳಗಳಲ್ಲಿ ಆಗುತ್ತದೆ.

ಲಕ್ವ ಎಂದೊಡನೆ ಜನರ ಕಣ್ಣಮುಂದೆ ಬರುವುದು ಸೊಟ್ಟಗಾದ ಬಾಯಿ, ಬಿದ್ದುಹೋದ ಕೈಕಾಲು. ಹಿಂಬದಿಯ ಪಾರ್ಶ್ವವಾಯುವಿನಲ್ಲಿ ಇವು ಇಲ್ಲದೆಯೂ ಇರಬಹುದು. ಮೋಸ ಆಗುವುದು ಇಲ್ಲಿಯೇ. ಕಂಪ್ಲಿಯ ಭತ್ತದ ಗದ್ದೆಯಿಂದಲೋ ಸಂಡೂರಿನ ಗಣಿಯ ಪಾಳಿಯಿಂದಲೋ ಮನೆಗೆ ಬಂದವರು ‘ತಲೆ ಗಿರ್ರೆನ್ನುತ್ತಿದೆ’ ಎಂದು ವಾಂತಿ ಮಾಡಿಕೊಂಡರೆ ಮನೆಯವರಿಗೆ ನೆನಪಾಗುವುದು ಪಿತ್ತ, ಬಿಸಿಲು; ಕೆಲವು ಮನೆಗಳಲ್ಲಿ ಕುಡಿತ. ಲಿಂಬೆ ಪಾನಕ ಕುಡಿಸಿ ಮಲಗಿಸುತ್ತಾರೆ. ‘ಬೆಳಗಾದರೆ ಸರಿಹೋಗುತ್ತೆ ಬಿಡು’ ಎನ್ನುತ್ತಾರೆ.

ಹೆಚ್ಚಿನ ತಲೆಸುತ್ತು ಒಳಗಿವಿಯ ತೊಂದರೆಯಿಂದ ಬರುವಂಥದು, ಅದರಿಂದ ಪ್ರಾಣಾಪಾಯವಿಲ್ಲ. ಆದ್ದರಿಂದ ತಲೆ ತಿರುಗಿದವರೆಲ್ಲ ಹೆದರಬೇಕಿಲ್ಲ. ನೋಡಬೇಕಾದದ್ದು ಬೇರೆ. ತಲೆಸುತ್ತು ಇದ್ದಕ್ಕಿದ್ದಂತೆ ಬಂದು, ಆಸರೆಯಿಲ್ಲದೆ ಕೂರಲು ನಿಲ್ಲಲು ಆಗುತ್ತಿಲ್ಲವೇ? ಒಂದು ವಸ್ತು ಎರಡಾಗಿ ಕಾಣುತ್ತಿದೆಯೇ? ನಾಲಿಗೆ ತೊದಲುತ್ತಿದೆಯೇ, ಎಂಜಲು ನುಂಗಲಾಗುತ್ತಿಲ್ಲವೇ? ಮುಖದ ಅಥವಾ ಮೈಯ ಒಂದು ಪಕ್ಕ ಜೋಮು ಹಿಡಿದಿದೆಯೇ? ತಲೆಸುತ್ತಿನ ಜೊತೆ ಇವುಗಳಲ್ಲಿ ಒಂದು ಕಂಡರೂ ಅದನ್ನು ಪಿತ್ತವೆಂದು ಕೂರುವಂತಿಲ್ಲ. ಬಾಯಿಗೆ ನೀರು, ಪಾನಕ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ನುಂಗುವ ಶಕ್ತಿ ಕುಂದಿದವರಿಗೆ ಕುಡಿಸಿದ ಪಾನಕ ಶ್ವಾಸಕೋಶಕ್ಕೆ ಇಳಿಯುತ್ತದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರು ಮಾಡಬಹುದಾದ ಒಂದು ದೊಡ್ಡ ಕೆಲಸವಿದೆ: ರೋಗಿ ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಚೀಟಿಯಲ್ಲಿ ಬರೆದುಕೊಡುವುದು. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.

ಗಂಟೆಯ ಲೆಕ್ಕ ಏಕೆ ಎಂಬುದನ್ನು ಕಾಲುವೆ ಕೆಳಗಿನ ರೈತರಿಗೆ ವಿವರಿಸಿ ಹೇಳಬೇಕಾಗಿಲ್ಲ. ಕಾಲುವೆ ಕಟ್ಟಿಕೊಂಡರೆ ಪೈರೆಲ್ಲ ಒಂದೇ ದಿನ ಸಾಯುವುದಿಲ್ಲ. ಒಂದಿಷ್ಟು ಒಣಗುತ್ತದೆ, ಅಕ್ಕಪಕ್ಕದ ಬಸಿನೀರು ಸಿಕ್ಕಿದ್ದು ಬಾಡಿ ನಿಂತಿರುತ್ತದೆ. ಬಾಡಿದ್ದಕ್ಕೆ ನೀರು ಬಿಟ್ಟರೆ ಚಿಗುರುತ್ತದೆ, ಒಣಗಿದ್ದು ಚಿಗುರುವುದಿಲ್ಲ. ಮಿದುಳಿನ ಜೀವಕೋಶಗಳ ಕಥೆಯೂ ಇದೇ. ದೊಡ್ಡ ನಾಳ ಕಟ್ಟಿದಾಗ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ಹೇಳುತ್ತದೆ.

ಹೆಪ್ಪನ್ನು ತೆಗೆಯಲು ಎರಡು ದಾರಿಗಳಿವೆ. ರಕ್ತಸ್ರಾವ ಆಗಿಲ್ಲವೆಂದು ಸ್ಕ್ಯಾನ್ ಮಾಡಿ ಖಚಿತಪಡಿಸಿಕೊಂಡು, ನಾಲ್ಕೂವರೆ ಗಂಟೆಯೊಳಗೆ, ಹೆಪ್ಪು ಕರಗಿಸುವ ಔಷಧವನ್ನು ರಕ್ತಕ್ಕೆ ಕೊಡುವುದು ಒಂದು. ಇನ್ನೊಂದು ಹೆಪ್ಪನ್ನು ಎಳೆದೇ ತೆಗೆಯುವುದು. ತೊಡೆಯ ಸಂದಿಯ ಅಥವಾ ಮಣಿಕಟ್ಟಿನ ಅಪಧಮನಿಯೊಳಗೆ ಸಪೂರವಾದ ಕೊಳವೆ ತೂರಿಸಿ, ಎಕ್ಸ್-ರೇ ಪರದೆಯ ಮೇಲೆ ನೋಡುತ್ತ, ಮಹಾಪಧಮನಿ ದಾಟಿ, ಕತ್ತಿನ ನಾಳ ಹತ್ತಿ, ಹೆಪ್ಪಿನವರೆಗೆ ಒಯ್ಯುತ್ತಾರೆ. ಅಲ್ಲಿ ತಂತಿಯ ಪುಟ್ಟ ಬಲೆಯನ್ನು ಬಿಚ್ಚಿ ಹೆಪ್ಪನ್ನು ಹಿಡಿದು ಹೊರಗೆಳೆಯುತ್ತಾರೆ, ಇಲ್ಲವೇ ಕೊಳವೆಯಿಂದಲೇ ಹೀರಿ ತೆಗೆಯುತ್ತಾರೆ. ಕಾಲುವೆಯಲ್ಲಿ ಸಿಕ್ಕಿಕೊಂಡ ಜೊಂಡನ್ನು ತೆಗೆದಂತೆಯೇ ಎನ್ನಿ. ಆದರೆ ನಾಳದ ಗೋಡೆ ಹರಿಯಬಾರದು.

ಮಿದುಳಿನ ಮುಂಭಾಗದ ನಾಳಗಳಲ್ಲಿ ಇದು ಫಲಕಾರಿ ಎಂದು 2015ರಲ್ಲೇ ಐದು ಪ್ರಯೋಗಗಳು ತೋರಿಸಿದ್ದವು. ಹಿಂಬದಿಯ ನಾಳದ ವಿಷಯ ಮಾತ್ರ ಇತ್ಯರ್ಥವಾಗಲಿಲ್ಲ. ಚೀನಾದಲ್ಲಿ ನಡೆದ ಒಂದು ಪ್ರಯೋಗವನ್ನು 131 ರೋಗಿಗಳಿಗೇ ನಿಲ್ಲಿಸಬೇಕಾಯಿತು. ಔಷಧ ಮಾತ್ರ ಎಂದು ಚೀಟಿ ಬಂದವರಲ್ಲಿ ಐದರಲ್ಲೊಬ್ಬರಿಗಿಂತ ಹೆಚ್ಚು ಜನ ಹೆಪ್ಪು ತೆಗೆಸಿಕೊಳ್ಳುವ ಗುಂಪಿಗೆ ದಾಟಿಬಿಟ್ಟಿದ್ದರು! ಕಣ್ಣೆದುರು ರೋಗಿ ಮುಳುಗುತ್ತಿರುವಾಗ ‘ನಿಮ್ಮದು ಹೋಲಿಕೆಯ ಗುಂಪು’ ಎಂದರೆ ಯಾವ ಮನೆಯವರು ಕೇಳುತ್ತಾರೆ? ಮನುಷ್ಯಸಹಜವೇ ಸರಿ, ಆದರೆ ಗುಂಪು ಕಲಸಿಹೋದ ಪ್ರಯೋಗದಿಂದ ಉತ್ತರ ಸಿಗುವುದಿಲ್ಲ. ವಿಜ್ಞಾನದ ವಿದ್ಯಾರ್ಥಿಗಳು ಹೋಲಿಕೆಯ ಗುಂಪಿನ ಬೆಲೆಯನ್ನು ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಕಲಿಯಲಾರರು. ಯೂರೋಪಿನ ನೇತೃತ್ವದಲ್ಲಿ 300 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗವೂ ಖಚಿತವಾಗಿ ಏನನ್ನೂ ಹೇಳಲಿಲ್ಲ.

2022ರಲ್ಲಿ ಉತ್ತರ ಬಂತು. ಅದೂ ಚೀನಾದಿಂದಲೇ, ಒಂದಲ್ಲ ಎರಡು ಪ್ರಯೋಗಗಳಿಂದ. ಬೇಸಿಲರ್ ನಾಳ ಕಟ್ಟಿ 12 ಗಂಟೆಯೊಳಗೆ ಬಂದ 340 ತೀವ್ರ ರೋಗಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಹೆಪ್ಪು ತೆಗೆಸಿಕೊಂಡ ನೂರು ಜನರಲ್ಲಿ 46 ಮಂದಿ ಮೂರು ತಿಂಗಳ ಹೊತ್ತಿಗೆ ಬೇರೊಬ್ಬರ ಕೈಹಿಡಿಯದೆ ನಡೆಯುವ ಸ್ಥಿತಿಯಲ್ಲಿದ್ದರು. ಔಷಧ ಮಾತ್ರ ಪಡೆದವರಲ್ಲಿ ಹಾಗಿದ್ದವರು 23. ಸತ್ತವರು 37 ಮತ್ತು 55. ಆರರಿಂದ 24 ಗಂಟೆಯೊಳಗೆ ಬಂದವರ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲೂ ನಡೆಯಬಲ್ಲವರ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಇದು ಪವಾಡವಲ್ಲ. ಹೆಪ್ಪು ತೆಗೆಸಿಕೊಂಡವರಲ್ಲೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಉಳಿಯಲಿಲ್ಲ, ಕೆಲವರಿಗೆ ಮಿದುಳಿನಲ್ಲಿ ರಕ್ತಸ್ರಾವವೂ ಆಯಿತು. ಆದರೂ 23ಕ್ಕೂ 46ಕ್ಕೂ ಇರುವ ಅಂತರವನ್ನು ರೋಗಿಯ ಮನೆಯಲ್ಲಿ ಕೂತು ಅಳೆಯಬೇಕು.

ಈ ಚಿಕಿತ್ಸೆ ಎಲ್ಲ ಊರುಗಳಲ್ಲಿ ಸಿಗುವಂಥದಲ್ಲ. ತರಬೇತಾದ ತಜ್ಞರೂ ವಿಶೇಷ ಯಂತ್ರಗಳಿರುವ ಕೊಠಡಿಯೂ ಬೇಕು. ಹಂಪಿ, ಕಂಪ್ಲಿ, ಸಂಡೂರುಗಳಿಂದ ಹೊಸಪೇಟೆ ಹತ್ತಿರ. ಅಲ್ಲಿಂದ ಬಳ್ಳಾರಿ ಸುಮಾರು 60 ಕಿಲೋಮೀಟರು, ಬೆಂಗಳೂರು 300ಕ್ಕೂ ಹೆಚ್ಚು. ಸ್ಕ್ಯಾನ್ ಎಲ್ಲಿದೆ, ಹೆಪ್ಪು ತೆಗೆಯುವವರು ಎಲ್ಲಿದ್ದಾರೆ ಎಂಬುದನ್ನು ಆರೋಗ್ಯವಾಗಿರುವಾಗಲೇ ಕೇಳಿ ತಿಳಿದುಕೊಂಡಿದ್ದರೆ ರಾತ್ರಿ ಹೊತ್ತು ಊರೂರು ಅಲೆಯುವುದು ತಪ್ಪುತ್ತದೆ. ಇನ್ನೊಂದು ಎಚ್ಚರ: ತಲೆಯ ಹಿಂಭಾಗದ ದಪ್ಪ ಮೂಳೆಗಳ ನಡುವೆ ಸಾಮಾನ್ಯ ಸಿ.ಟಿ. ಸ್ಕ್ಯಾನ್‌ಗೆ ಆರಂಭದ ಗಂಟೆಗಳಲ್ಲಿ ಹಾನಿ ಕಾಣದೆ ಹೋಗಬಹುದು. ‘ಸ್ಕ್ಯಾನ್ ನಾರ್ಮಲ್’ ಎಂದು ಸಮಾಧಾನಪಟ್ಟು ಮನೆಗೆ ಹೊರಡುವ ಮುಂಚೆ, ರಕ್ತನಾಳಗಳ ಚಿತ್ರ ತೆಗೆಯಬೇಕೇ, ಎಂ.ಆರ್.ಐ. ಬೇಕೇ ಎಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚವೇನಿಲ್ಲ.

ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು, ತಾಳ ತಪ್ಪಿದ ಹೃದಯದ ಬಡಿತ ಇವು ಕಾರಣಗಳೆಂಬುದು ಎಲ್ಲರಿಗೂ ಗೊತ್ತು. ಹುಡುಗರಿಗೆ ಗೊತ್ತಿಲ್ಲದ್ದು ಒಂದಿದೆ. ಕಟಿಂಗ್ ಮುಗಿದ ಮೇಲೆ ಕತ್ತನ್ನು ತಟಕ್ಕನೆ ತಿರುಗಿಸಿ ನೆಟಿಗೆ ತೆಗೆಸಿಕೊಳ್ಳುವ ಅಭ್ಯಾಸ ಕೆಲವರಿಗುಂಟು. ಮಣಿಗಳಲ್ಲಿ ಪೋಣಿಸಿದ ಆ ದಾರ ನೆನಪಿರಲಿ. ಹಠಾತ್ತನೆ ತಿರುಚಿದಾಗ ನಾಳದ ಒಳಪದರ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ಎಳೆಯರಲ್ಲೂ ಪಾರ್ಶ್ವವಾಯು ಆದದ್ದುಂಟು. ಅಪರೂಪ, ಆದರೆ ‘ಲಟಕ್’ ಎಂಬ ಸದ್ದಿಗಾಗಿ ಇಷ್ಟು ಅಪಾಯ ಬೇಕಿಲ್ಲ.

ಹೆಪ್ಪು ಹೊರಬಂದ ಮೇಲೂ ಮೊದಲ ಕೆಲವು ದಿನ ಆಸ್ಪತ್ರೆಯಲ್ಲೇ ಇರಬೇಕು. ಅನುಮಸ್ತಿಷ್ಕ ಊದಿಕೊಂಡರೆ ಮಿದುಳುಕಾಂಡವನ್ನು ಒತ್ತುತ್ತದೆ. ಚೇತರಿಕೆ ಮೊದಲ ಮೂರು ತಿಂಗಳಲ್ಲಿ ವೇಗವಾಗಿ, ಆಮೇಲೆ ನಿಧಾನವಾಗಿ ಸಾಗುತ್ತದೆ. ಕೈಕಾಲಿನ ಬಲ ಸರಿಯಿದ್ದೂ ಲೋಟ ಬಾಯಿಗೆ ಒಯ್ಯುವಾಗ ಕೈ ಗುರಿ ತಪ್ಪುವುದನ್ನು ಕಂಡು ಮನೆಯವರು ಸೋಮಾರಿತನವೆನ್ನುವುದುಂಟು. ಅದು ಸೋಮಾರಿತನವಲ್ಲ, ಅನುಮಸ್ತಿಷ್ಕದ ಲೆಕ್ಕ ತಪ್ಪಿರುವುದು. ಕೂರುವುದು, ಗೋಡೆ ಹಿಡಿದು ನಿಲ್ಲುವುದು, ನಡೆಯುವುದು, ಹೀಗೆ ದಿನಕ್ಕೆ ಹಲವು ಸಲ ಮಾಡಿಸಿದಂತೆ ಉಳಿದ ನರಕೋಶಗಳು ಹೊಸ ಲೆಕ್ಕ ಕಲಿಯುತ್ತವೆ.

ಕೆಲವರಿಗೆ ದೃಷ್ಟಿಯ ಎಡ ಅರ್ಧ ಕಾಣುವುದಿಲ್ಲ. ಕಣ್ಣು ಸರಿಯಿದ್ದರೂ ಪತ್ರಿಕೆ ಓದುವಾಗ ಸಾಲಿನ ಮೊದಲ ಪದಗಳು ತಪ್ಪಿಹೋಗಿ ಅರ್ಥವೇ ಆಗುವುದಿಲ್ಲ. ಇದಕ್ಕೆ ಖರ್ಚಿಲ್ಲದ ಒಂದು ಉಪಾಯವಿದೆ. ಅಂಕಣದ ಎಡ ಅಂಚಿಗೆ ಕೆಂಪು ಪೆನ್ಸಿಲಿನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದುಕೊಟ್ಟು, ಆ ಗೆರೆ ಕಾಣುವವರೆಗೆ ಕತ್ತು ತಿರುಗಿಸಿ ಓದು ಶುರುಮಾಡಿ ಎಂದು ಹೇಳಬೇಕು. ಅಜ್ಜನ ಪತ್ರಿಕೆಗೆ ದಿನಾ ಬೆಳಿಗ್ಗೆ ಗೆರೆ ಎಳೆದುಕೊಡುವ ಕೆಲಸವನ್ನು ಮೂರನೇ ತರಗತಿಯ ಮೊಮ್ಮಗಳೂ ಮಾಡಬಲ್ಲಳು.