ನೆರವೆಷ್ಟು, ಉಳಿಯುವ ಹೊರೆಯೆಷ್ಟು?

ವಿದ್ಯಾರ್ಥಿವೇತನವೆಂದರೆ ಹಿಂದಿರುಗಿಸಬೇಕಿಲ್ಲದ ಹಣವೆಂಬುದು ಈ ನಾಡಿನ ಜನರ ಸಾಮಾನ್ಯ ತಿಳಿವಳಿಕೆ. ಅಮೆರಿಕದ ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ಪ್ರವೇಶ ದೊರೆತವರಿಗೆ ಪ್ರತಿವರ್ಷ ಮಾರ್ಚ್ ಕೊನೆಯ ಹೊತ್ತಿಗೆ ತಲಪುವ ನೆರವಿನ ಪತ್ರಗಳನ್ನು ಇದೇ ತಿಳಿವಳಿಕೆಯಿಂದ ಓದಿದವರು ಮೋಸಹೋದಾರು. ಅಲ್ಲಿ ಬೋಧನಾ ಶುಲ್ಕ, ವಸತಿ, ಊಟ, ಪುಸ್ತಕಗಳ ವಾರ್ಷಿಕ ವೆಚ್ಚ ಹಲವೆಡೆ 80,000 ಡಾಲರುಗಳನ್ನು ದಾಟಿದೆ. ಕೆಲವೆಡೆ 90,000 ಡಾಲರುಗಳನ್ನೂ ಮೀರಿದೆ. ಮೇ 1ರೊಳಗೆ ಯಾವುದಾದರೊಂದು ಕಾಲೇಜನ್ನು ಒಪ್ಪಿಕೊಳ್ಳಬೇಕೆಂಬುದು ಅಲ್ಲಿಯ ರೂಢಿ. ಒಂದು ಕುಟುಂಬದ ಹಲವು ವರ್ಷಗಳ ಆರ್ಥಿಕ ಸ್ಥಿತಿಯು ಹೀಗೆ ಒಂದೇ ತಿಂಗಳ ಲೆಕ್ಕಾಚಾರವನ್ನು ಅವಲಂಬಿಸಿರುತ್ತದೆ. ಆ ಲೆಕ್ಕವನ್ನು ಸುಲಭಗೊಳಿಸಬೇಕಾದ ಕಾಲೇಜುಗಳೇ ಅದನ್ನು ಜಟಿಲಗೊಳಿಸುತ್ತಿರುವುದು ಆಕ್ಷೇಪಾರ್ಹವಾದ ಸಂಗತಿ.

ವಿದ್ಯಾರ್ಥಿಯೊಬ್ಬನಿಗೆ ಎರಡು ಪತ್ರಗಳು ಬಂದಿವೆಯೆಂದು ಇಟ್ಟುಕೊಂಡರೆ ವಿಷಯ ಸ್ಪಷ್ಟವಾದೀತು. ಮೊದಲ ಕಾಲೇಜಿನ ವೆಚ್ಚ 88,000 ಡಾಲರು, ನೆರವು 64,000. ಎರಡನೆಯದರ ವೆಚ್ಚ 84,000, ನೆರವು 52,000. ಮೇಲ್ನೋಟಕ್ಕೆ ಮೊದಲನೆಯದೇ ಉದಾರಿ. ಆದರೆ ಅದರ ನೆರವಿನೊಳಗೆ ವಿದ್ಯಾರ್ಥಿಯ ಹೆಸರಿನ ಸಾಲ 5,500, ತಂದೆತಾಯಿಗಳ ಹೆಸರಿನ ಸಾಲ 12,000, ವಿದ್ಯಾರ್ಥಿಯೇ ದುಡಿದು ಗಳಿಸಬೇಕಾದ ಕೂಲಿ 3,000 ಸೇರಿವೆ. ನಿಜವಾದ ಅನುದಾನ 43,500 ಮಾತ್ರ. ಎರಡನೆಯದರ ನೆರವೆಲ್ಲವೂ ಅನುದಾನವೇ. ಕುಟುಂಬದ ಮೇಲೆ ಉಳಿಯುವ ಹೊರೆ ಮೊದಲಲ್ಲಿ 44,500, ಎರಡನೆಯದರಲ್ಲಿ 32,000. ಹೆಚ್ಚು ಕೊಟ್ಟಂತೆ ಕಂಡದ್ದು ವಾಸ್ತವವಾಗಿ ಹೆಚ್ಚು ಕಸಿದುಕೊಂಡಿತು! ಸಾಲವನ್ನು ನೆರವೆಂದು ಕರೆಯುವುದು ಊರಿನ ಲೇವಾದೇವಿಗಾರನಿಗೂ ಹೊಳೆಯದ ಜಾಣತನ. 2022ರಲ್ಲಿ ಅಮೆರಿಕದ ಸರ್ಕಾರಿ ಹೊಣೆಗಾರಿಕೆ ಕಚೇರಿಯು ಇಂತಹ ಪತ್ರಗಳನ್ನು ಪರಿಶೀಲಿಸಿ, ಶೇಕಡಾ 91ರಷ್ಟು ಕಾಲೇಜುಗಳು ನಿವ್ವಳ ವೆಚ್ಚವನ್ನು ತಿಳಿಸುವುದೇ ಇಲ್ಲ, ಇಲ್ಲವೆ ಕಡಿಮೆ ಮಾಡಿ ತೋರಿಸುತ್ತವೆ ಎಂದು ಅಂದಾಜಿಸಿತು.

ಎಲ್ಲ ಸಂಸ್ಥೆಗಳೂ ಹೀಗೆಯೇ ಎನ್ನಲಾಗದು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವು 2001ರಲ್ಲಿ ತನ್ನ ನೆರವಿನಿಂದ ಸಾಲವನ್ನು ತೆಗೆದುಹಾಕಿ ಆ ಜಾಗದಲ್ಲಿ ಅನುದಾನವನ್ನಿಟ್ಟಿತು. ಹಾರ್ವರ್ಡ್ 2025ರಿಂದ, ವಾರ್ಷಿಕ ಆದಾಯ 1,00,000 ಡಾಲರಿಗೆ ಮೀರದ ಸಾಮಾನ್ಯ ಆಸ್ತಿಯ ಕುಟುಂಬಗಳಿಗೆ ಎಲ್ಲ ವೆಚ್ಚವನ್ನೂ, 2,00,000 ಡಾಲರಿನವರೆಗಿನವರಿಗೆ ಬೋಧನಾ ಶುಲ್ಕವನ್ನೂ ಬಿಟ್ಟುಕೊಟ್ಟಿದೆ. ಕೆಂಟುಕಿಯ ಬೆರಿಯಾ ಕಾಲೇಜು 1892ರಿಂದಲೂ ಬೋಧನಾ ಶುಲ್ಕವನ್ನು ಪಡೆಯುತ್ತಿಲ್ಲ. ಅದಕ್ಕೆ ಬದಲಾಗಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಅಲ್ಲಿ ದುಡಿಯಬೇಕು. ಇಲ್ಲಿಯೂ ದುಡಿಮೆಯುಂಟು, ಆದರೆ ಅದನ್ನು ಕೊಡುಗೆಯೆಂದು ಬಣ್ಣಿಸುವ ಕಪಟವಿಲ್ಲ.

ಒಂದು ಕಾಲಕ್ಕೆ ಈ ಹೋಲಿಕೆಯ ಕೆಲಸವನ್ನು ಕಾಲೇಜುಗಳೇ ಮಾಡುತ್ತಿದ್ದುವು. ಈಶಾನ್ಯ ಅಮೆರಿಕದ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಮೊದಲಾದ ಎಂಟು ಪ್ರಾಚೀನ ಸಂಸ್ಥೆಗಳು ಹಾಗೂ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಅಧಿಕಾರಿಗಳು ಪ್ರತಿ ವಸಂತದಲ್ಲಿ ಸಭೆ ಸೇರಿ, ಒಂದಕ್ಕಿಂತ ಹೆಚ್ಚು ಕಡೆ ಪ್ರವೇಶ ಪಡೆದ ವಿದ್ಯಾರ್ಥಿಯ ಕುಟುಂಬ ಎಲ್ಲೆಡೆಯೂ ಹೆಚ್ಚುಕಡಿಮೆ ಅಷ್ಟೇ ತೆರುವಂತೆ ನಿಗದಿಪಡಿಸುತ್ತಿದ್ದರು. ನಿಧಿಯು ಪೈಪೋಟಿಯಲ್ಲಿ ಪೋಲಾಗದೆ ಬಡವರಿಗೆ ಸಲ್ಲಲಿ ಎಂಬುದು ಅವರ ವಾದ. ಇದು ಬೆಲೆ ಕಟ್ಟುವ ಒಳಸಂಚೆಂದು ಸರ್ಕಾರವು 1991ರಲ್ಲಿ ಮೊಕದ್ದಮೆ ಹೂಡಿತು. ಎಂಟು ಸಂಸ್ಥೆಗಳು ರಾಜಿಗೆ ಬಂದವು. ತಾಂತ್ರಿಕ ಸಂಸ್ಥೆಯೊಂದೇ ಹೋರಾಡಿ 1993ರಲ್ಲಿ ಒಪ್ಪಂದಕ್ಕೆ ಬಂದಿತು. ವಿದ್ಯಾರ್ಥಿಯ ಬಡತನವನ್ನು ಗಣಿಸದೆ ಪ್ರವೇಶ ಕೊಡುವ ಕಾಲೇಜುಗಳು ಸಮಾನ ನಿಯಮಗಳನ್ನು ಚರ್ಚಿಸಬಹುದೆಂಬ 1994ರ ಕಾನೂನಿನ ವಿನಾಯಿತಿಯೂ 2022ರಲ್ಲಿ ಕೊನೆಗೊಂಡಿತು. ಆ ವಿನಾಯಿತಿಯನ್ನು ದುರುಪಯೋಗಪಡಿಸಿಕೊಂಡರೆಂಬ ದಾವೆಯಲ್ಲಿ 2024ರ ಆರಂಭದ ವೇಳೆಗೆ ಹತ್ತು ವಿಶ್ವವಿದ್ಯಾಲಯಗಳು, ತಪ್ಪನ್ನು ಒಪ್ಪದೆಯೇ, ಒಟ್ಟು 28.4 ಕೋಟಿ ಡಾಲರು ತೆರಲು ಒಪ್ಪಿದವು. ಉದ್ದೇಶ ಒಳ್ಳೆಯದಿದ್ದಿರಬಹುದು. ಆದರೆ ಹಣ ತೆರುವವರನ್ನು ಹೊರಗಿಟ್ಟು ನಡೆದ ಹೋಲಿಕೆ ನ್ಯಾಯವೆನಿಸದು.

ಈಗ ಹೋಲಿಸುವ ಹಕ್ಕು ಕುಟುಂಬದ್ದಾಗಿದೆ. ಆದರೂ ಅದನ್ನು ಬಳಸಬಲ್ಲವರು ಎಷ್ಟು ಮಂದಿ? ಒಂದು ಕಾಲೇಜಿನ ಪತ್ರವನ್ನು ಇನ್ನೊಂದಕ್ಕೆ ತೋರಿಸಿ ಮರುಪರಿಶೀಲನೆ ಕೋರಬಹುದೆಂಬುದು ಓದಿದ ತಂದೆತಾಯಿಗಳಿಗೆ ಗೊತ್ತು; ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತುವವನು ಪತ್ರದ ಅಂಕಿಯನ್ನು ಬ್ರಹ್ಮಲಿಪಿಯೆಂದೇ ಬಗೆಯುತ್ತಾನೆ. ಹಲವು ಕಾಲೇಜುಗಳು ನವೆಂಬರಿನಲ್ಲೇ ಅರ್ಜಿ ಪಡೆದು, ಸೇರಿಯೇ ತೀರುವೆನೆಂಬ ಮಾತನ್ನು ವಿದ್ಯಾರ್ಥಿಯಿಂದ ಬರೆಸಿಕೊಳ್ಳುತ್ತವೆ. ನೆರವು ಸಾಲದಿದ್ದರೆ ಬಿಡುಗಡೆಯುಂಟು, ನಿಜ. ಆದರೆ ಆಗ ಅವನ ಕೈಯಲ್ಲಿ ಹೋಲಿಸಿ ನೋಡಲು ಎರಡನೆಯ ಪತ್ರವೇ ಇರುವುದಿಲ್ಲ. ಈ ಮಾರ್ಗವು ಹಣವಂತರಿಗೇ ಅನುಕೂಲವೆಂಬ ದೂರು ನಿರಾಧಾರವಲ್ಲ.

ಕರ್ನಾಟಕದಿಂದ ಹೊರಡುವ ವಿದ್ಯಾರ್ಥಿಯ ಕಷ್ಟ ಇನ್ನೂ ಒಂದು ತೂಕ ಹೆಚ್ಚು. ಅಮೆರಿಕದ ಕೇಂದ್ರ ಸರ್ಕಾರದ ನೆರವು ಅವನಿಗೆ ಸಲ್ಲದು. ಹೊರನಾಡಿನವರ ಹಣಕಾಸನ್ನು ನೋಡದೆ ಪ್ರವೇಶ ನೀಡಿ, ಅಗತ್ಯವಿದ್ದಷ್ಟನ್ನು ಪೂರ್ಣವಾಗಿ ತುಂಬಿಕೊಡುವ ಸಂಸ್ಥೆಗಳು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಆಮ್‌ಹರ್ಸ್ಟ್, 2022ರಿಂದ ಡಾರ್ಟ್‌ಮತ್ ಎಂಬಂತೆ ಕೆಲವೇ ಕೆಲವು. ಉಳಿದೆಡೆ ನೆರವು ಕೇಳಿದ್ದೇ ನಿರಾಕರಣೆಗೆ ಕಾರಣವಾಗಬಹುದು. ಅರ್ಜಿಯ ನಮೂನೆಗಳು ಹೊಲಮನೆಗಳ ಬೆಲೆಯನ್ನೂ ಕೇಳುತ್ತವೆ; ಅಣ್ಣತಮ್ಮಂದಿರ ಒಟ್ಟು ಹಿಡುವಳಿಯ, ಮಳೆ ನಂಬಿದ ಭೂಮಿಯನ್ನು ಡಾಲರಿನ ಕಾಲಂನಲ್ಲಿ ತುಂಬುವುದು ಹೇಗೆ? ಇಂತಹ ಅರ್ಜಿಯೊಡನೆ ವಿವರಣೆಯ ಪತ್ರವೊಂದನ್ನು ಲಗತ್ತಿಸಲು ಕಲಿಸುವ ಅಧ್ಯಾಪಕರು ದೊಡ್ಡ ಉಪಕಾರ ಮಾಡಿದಂತಾಗುತ್ತದೆ.

ದಾನಿಗಳು ಗಮನಿಸತಕ್ಕ ಪ್ರಸಂಗವೂ ಒಂದಿದೆ. 1859ರಲ್ಲಿ ಪೀಟರ್ ಕೂಪರ್ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ಕೂಪರ್ ಯೂನಿಯನ್ ಒಂದು ಶತಮಾನಕ್ಕೂ ಮಿಕ್ಕಿ ಬೋಧನಾ ಶುಲ್ಕವಿಲ್ಲದೆ ವಿದ್ಯೆ ನೀಡಿತು. ಹೊಸ ಕಟ್ಟಡಕ್ಕಾಗಿ 17.5 ಕೋಟಿ ಡಾಲರು ಸಾಲ ಮಾಡಿದ ಆ ಸಂಸ್ಥೆ, ಆದಾಯ ಸಾಲದೆ, 2014ರಲ್ಲಿ ಸೇರಿದವರಿಂದ ಶುಲ್ಕ ಪಡೆಯತೊಡಗಿತು. ವಿದ್ಯಾರ್ಥಿಗಳು ಪ್ರತಿಭಟಿಸಿದರು, ನ್ಯಾಯಾಲಯದಲ್ಲಿ ದಾವೆ ನಡೆಯಿತು. ಹತ್ತು ವರ್ಷಗಳಲ್ಲಿ ಹಿಂದಿನ ಪದ್ಧತಿಗೆ ಮರಳುವ ಯೋಜನೆಯು 2018ರಲ್ಲಿ ಸಿದ್ಧವಾಯಿತು. 2024ರಲ್ಲಿ ಹಳೆಯ ವಿದ್ಯಾರ್ಥಿಗಳ ಕೊಡುಗೆಯ ಬಲದಿಂದ ಅಲ್ಲಿಯ ಕೊನೆಯ ವರ್ಷದವರ ಬೋಧನಾ ಶುಲ್ಕ ಮಾಫಿಯಾಯಿತು.